ಹಳೇ ಫಾರ್ಚುನರ್ ತಗೊಳ್ಳೋ ಮುಂಚೆ: ಎರಡು ಲಕ್ಷ ಓಡಿದ ಗಾಡಿಯಲ್ಲಿ ಎಲ್ಲೆಲ್ಲಿ ನೋಡಬೇಕು



ಹೋದ ವಾರ ಡ್ರಿಪ್ ಫಿಲ್ಟರ್ ತೊಳೆಯೋದರ ಬಗ್ಗೆ ಬರೆದಿದ್ದೆ. ಈ ವಾರ ತೋಟ ಬಿಟ್ಟು ಮನೆ ಮುಂದಿನ ಶೆಡ್ಡಿಗೆ ಬರೋಣ. ಅಡಿಕೆಗೋ ಶುಂಠಿಗೋ ಒಂದು ವರ್ಷ ಒಳ್ಳೇ ರೇಟು ಸಿಕ್ಕಿತು ಅಂದ್ರೆ ನಮ್ಮ ಕಡೆ ಹುಡುಗರ ಫೋನಲ್ಲಿ ರಾತ್ರಿ ಎಲ್ಲ ಓಡೋದು ಒಂದೇ ವಿಡಿಯೋ, ಸೆಕೆಂಡ್ ಹ್ಯಾಂಡ್ ಫಾರ್ಚುನರ್. ಹೊಸದು ಆನ್ ರೋಡ್ 40 ಲಕ್ಷದ ಮೇಲೆ ಹೋಗುತ್ತೆ. ಹತ್ತು ಹನ್ನೆರಡು ವರ್ಷದ ಹಳೇದು ಒಂದು ಹೊಸ ಸಣ್ಣ ಕಾರಿನ ರೇಟಿಗೆ ಸಿಗುತ್ತೆ. ಆಸೆ ಆಗದೇ ಇರುತ್ತಾ? ಆಸೆ ಪಡಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಗಾಡಿ ಗಟ್ಟಿ, ನಮ್ಮ ಬಿಡದಿ ಫ್ಯಾಕ್ಟರಿಯಲ್ಲೇ ಆಗಿದ್ದು, ತಾಲೂಕು ಮಟ್ಟದಲ್ಲೂ ಕೈ ಹಾಕೋ ಮೆಕ್ಯಾನಿಕ್ ಸಿಗ್ತಾರೆ. ಆದರೆ ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ನಾಲ್ಕೈದು ಗೊತ್ತಿರೋ ವೀಕ್ ಪಾಯಿಂಟ್ ಇವೆ. ಅದನ್ನ ನೋಡದೆ ಅಡ್ವಾನ್ಸ್ ಕೊಟ್ಟರೆ ಗಾಡಿಯ ಅರ್ಧ ರೇಟು ಇನ್ನೊಂದು ಸಲ ಇಂಜಿನ್ನಿಗೇ ಕೊಡಬೇಕಾಗುತ್ತೆ.

ಇದನ್ನ ಬರೆಯೋಕೆ ಕಾರಣ ನನ್ನ ಅಕ್ಕನ ಮಗ. ಮೂರು ಎಕರೆ ಅಡಿಕೆ, ಇನ್ನೆರಡು ಎಕರೆ ಹೊಸದಾಗಿ ಸಸಿ ಹಾಕಿದಾನೆ, ಅದಕ್ಕೆ ಡ್ರಿಪ್ ಇನ್ನೂ ಆಗಿಲ್ಲ. ಈ ಸಲದ ಕೊಯ್ಲಿನ ದುಡ್ಡು ಬಂದ ವಾರಕ್ಕೇ ಫೋನ್ ಮಾಡಿದ. "ಮಾವ, ಗಾಡಿ ಸಿಕ್ಕಿದೆ. 2012 ಮಾಡೆಲ್, ಫೋರ್ ಬೈ ಫೋರ್, ಒಂದು ಲಕ್ಷ ಮೂವತ್ತೆಂಟು ಸಾವಿರ ಓಡಿದೆ ಅಷ್ಟೇ. ಹತ್ತೂವರೆ ಹೇಳ್ತಿದಾರೆ. ನಾಳೆ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬರ್ತೀನಿ."

"ಅಡ್ವಾನ್ಸ್ ಆಮೇಲೆ ಕೊಡೋಣ ಕಣೋ. ಜಾತ್ರೇಲಿ ಎತ್ತು ತಗೊಳ್ಳೋವಾಗ ನಿಮ್ಮಜ್ಜ ಹಲ್ಲು ನೋಡ್ದೆ, ನಡೆಸಿ ನೋಡ್ದೆ ದುಡ್ಡು ಬಿಚ್ತಿದ್ರಾ?" ಅಂದೆ. ಅವನಿಗೆ ಸ್ವಲ್ಪ ಬೇಜಾರಾಯ್ತು, ಆದ್ರೂ ನಿಂತ.

ಯಾವ ಗಾಡಿ ಬಗ್ಗೆ ಮಾತಾಡ್ತಿದೀವಿ ಅಂತ ಮೊದಲು ಸ್ಪಷ್ಟ ಮಾಡ್ತೀನಿ. ನಮ್ಮ ದೇಶಕ್ಕೆ ಫಾರ್ಚುನರ್ ಬಂದಿದ್ದು 2009ರಲ್ಲಿ, 3.0 ಲೀಟರ್ ಡೀಸೆಲ್ ಇಂಜಿನ್ ಜೊತೆ. ಮೆಕ್ಯಾನಿಕ್‌ಗಳು ಇದನ್ನ 1ಕೆಡಿ ಇಂಜಿನ್ ಅಂತಾರೆ. ಮೊದಲು ಬಂದಿದ್ದು ಮ್ಯಾನುಯಲ್ ಗೇರಿನ ಫೋರ್ ಬೈ ಫೋರ್. 2012ರಲ್ಲಿ ಮುಖ ಬದಲಾಗಿ ಟೂ ಬೈ ಫೋರ್ ಮತ್ತು ಆಟೋಮ್ಯಾಟಿಕ್ ಕೂಡ ಬಂತು. 2016ರ ನವೆಂಬರಿನಲ್ಲಿ ಬಂದ ಹೊಸ ಆಕಾರದ ಗಾಡಿಯಲ್ಲಿ ಇಂಜಿನ್ ಬೇರೆ, 2.8 ಲೀಟರಿನದು. ಕೆಳಗೆ ಇಂಜಿನ್ ಬಗ್ಗೆ ಬರೆದಿರೋದೆಲ್ಲ ಹಳೇ 3.0 ಬಗ್ಗೆ. ನಮ್ಮ ಹುಡುಗರ ಬಜೆಟ್ಟಿಗೆ ಬರೋದು ಅದೇ.

ಮನೇಲಿ ಕೂತು ಫೋನಲ್ಲೇ ಆಗೋ ಕೆಲಸ

ಗಾಡಿ ನಂಬರ್ ಕೇಳಿ ಇಸ್ಕೊಳ್ಳಿ. ಎಂಪರಿವಾಹನ್ ಆ್ಯಪಿಗೆ ಹಾಕಿ. ರಿಜಿಸ್ಟ್ರೇಷನ್ ದಿನಾಂಕ, ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಸಾಲ ಇನ್ನೂ ಗಾಡಿ ಮೇಲೆ ಇದೆಯಾ, ಎಲ್ಲ ಬರುತ್ತೆ. ಸಾಲ ತೋರಿಸ್ತಿದ್ರೆ "ತೀರಿಸಿದೀವಿ ಸಾರ್" ಅನ್ನೋ ಮಾತು ಸಾಲದು. ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಕೈಗೆ ಬರಬೇಕು. ಇ-ಚಲನ್ ಬಾಕಿ ಎಷ್ಟಿದೆ ಅಂತಲೂ ನೋಡಿ. ದೊಡ್ಡ ಗಾಡಿಗಳ ಮೇಲೆ ಓವರ್ ಸ್ಪೀಡ್ ದಂಡ ಗುಡ್ಡೆ ಬಿದ್ದಿರುತ್ತೆ.

ರಿಜಿಸ್ಟ್ರೇಷನ್ ದಿನಾಂಕ ಯಾಕೆ ಮುಖ್ಯ ಅಂದ್ರೆ ಆರ್‌ಸಿ 15 ವರ್ಷಕ್ಕೆ. 2012ರ ಗಾಡಿಗೆ 2027ರಲ್ಲಿ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು. 2010ರ ಗಾಡಿ ಅಗ್ಗಕ್ಕೆ ಸಿಕ್ಕಿದೆ ಅಂದ್ರೆ ಆ ಖರ್ಚು, ಓಡಾಟ ನಿಮ್ಮ ತಲೆಗೆ ಬರ್ತಿದೆ ಅಂತ ಅರ್ಥ.

ಇನ್ನೊಂದು, ದೆಹಲಿ ಗಾಡಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಆದೇಶ ಮಾಡಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಾಗಾಗಿ ಅಲ್ಲಿಯ ಹಳೇ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಇಳಿದವು. ಗಾಡಿ ಕೆಟ್ಟದ್ದೇ ಅಂತಲ್ಲ. ಆದರೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ತಂದು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಹಾಕಿಸೋವರೆಗೂ ಅದು ನಿಮ್ಮ ಗಾಡಿ ಅಲ್ಲ. ತೆರಿಗೆ ಎಷ್ಟಾಗುತ್ತೆ ಅಂತ ನಿಮ್ಮ ಆರ್‌ಟಿಓದಲ್ಲಿ ಮೊದಲೇ ಕೇಳಿ, ಅದನ್ನ ಗಾಡಿ ರೇಟಿಗೆ ಸೇರಿಸಿ ನೋಡಿ. ಬಹಳ ಸಲ "ಅಗ್ಗ" ಅಲ್ಲೇ ಮುಗಿದುಹೋಗುತ್ತೆ.

ಮೀಟರ್ ಹೇಳೋದು ಒಂದು, ಗಾಡಿ ಹೇಳೋದು ಇನ್ನೊಂದು

1,38,000 ಅಂದ್ರೆ 13 ವರ್ಷಕ್ಕೆ ವರ್ಷಕ್ಕೆ ಹತ್ತು ಸಾವಿರ ಚಿಲ್ಲರೆ. ಫಾರ್ಚುನರ್ ಇಟ್ಕೊಂಡವರು ಯಾರು? ಗುತ್ತಿಗೆದಾರರು, ರಾಜಕೀಯದವರು, ಊರೂರು ತಿರುಗೋ ವ್ಯಾಪಾರಿಗಳು. ಅವರು ಇಷ್ಟು ಕಮ್ಮಿ ಓಡಿಸೋದು ಅಪರೂಪ. ಅಸಾಧ್ಯ ಅಲ್ಲ, ಆದ್ರೆ ಸಾಕ್ಷಿ ಬೇಕು.

ಮೀಟರ್ ಹಿಂದಕ್ಕೆ ತಿರುಗಿಸೋದು ಈಗ ಲ್ಯಾಪ್‌ಟಾಪಲ್ಲಿ ಸ್ವಲ್ಪ ಹೊತ್ತಿನ ಕೆಲಸ. ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿರೋದನ್ನ, ಡ್ರೈವರ್ ಸೀಟಿನ ಬಲಗಡೆ ಅಂಚು ಕುಸಿದಿರೋದನ್ನ, ಸ್ಟೀರಿಂಗ್ ಚರ್ಮ ಹೊಳೆಯೋದನ್ನ ಯಾರೂ ತಿರುಗಿಸೋಕಾಗಲ್ಲ. ಎಲ್ಲಕ್ಕಿಂತ ಒಳ್ಳೇ ದಾರಿ ಕಂಪನಿ ಸರ್ವೀಸ್ ಸೆಂಟರಿನ ದಾಖಲೆ. ಈಗಿನ ಓನರ್ ಕೈಲೇ ಫೋನ್ ಮಾಡಿಸಿ, ಗಾಡಿ ನಂಬರ್ ಕೊಟ್ಟು ಹಿಂದಿನ ಸರ್ವೀಸ್ ವಿವರ ತೆಗೆಸಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅದೂ ಒಂದು ಉತ್ತರವೇ.

ನಮಗೆ ಸಿಕ್ಕಿದ ಸಾಕ್ಷಿ ಇನ್ನೂ ಸಣ್ಣದು. ಬಾನೆಟ್ ಒಳಗೆ, ಏರ್ ಫಿಲ್ಟರ್ ಡಬ್ಬದ ಪಕ್ಕಕ್ಕೆ, ಯಾವುದೋ ಗ್ಯಾರೇಜಿನವರು ಆಯಿಲ್ ಚೇಂಜ್ ಚೀಟಿ ಅಂಟಿಸಿದ್ದರು. ಧೂಳು ಒರೆಸಿದೆ. ಮುಂದಿನ ಆಯಿಲ್ ಚೇಂಜ್ 1,97,000ಕ್ಕೆ ಅಂತ ಪೆನ್ನಲ್ಲಿ ಬರೆದಿತ್ತು. ಹುಡುಗನ ಮುಖ ನೋಡಿದೆ. ಅವನು ಚೀಟಿ ನೋಡಿದ, ಮೀಟರ್ ನೋಡಿದ, ಸುಮ್ಮನೆ ಫೋನ್ ತೆಗೆದು ಫೋಟೋ ಹೊಡ್ಕೊಂಡ.

ಮೀಟರನ್ನ ಯಾಕೆ 1,38,000ಕ್ಕೇ ಇಳಿಸಿದ್ರು ಅನ್ನೋದೂ ಯೋಚನೆ ಮಾಡೋ ವಿಷಯ. ಈ ಇಂಜಿನ್ನಿಗೆ ಒಂದೂವರೆ ಲಕ್ಷಕ್ಕೆ ಒಂದು ದೊಡ್ಡ ಕೆಲಸ ಬರುತ್ತೆ. ಅದರ ಕೆಳಗೆ ಮೀಟರ್ ಇದ್ದರೆ ಆ ಪ್ರಶ್ನೆ ಯಾರೂ ಕೇಳಲ್ಲ. ಅದಕ್ಕೆ ಮುಂದೆ ಬರ್ತೀನಿ.

ಇಂಜಿನ್ ತಣ್ಣಗಿದ್ದಾಗಲೇ ಹೋಗಿ

ಮೊದಲನೇ ದಿನ ನಾವು ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಬಾನೆಟ್ ಬೆಚ್ಚಗಿತ್ತು. "ದೇವಸ್ಥಾನಕ್ಕೆ ಹೋಗಿ ಬಂದ್ವಿ ಸಾರ್" ಅಂದ ಏಜೆಂಟ್. ಇರಬಹುದು. ನಾವು ಟೀ ಕುಡಿದು ವಾಪಸ್ ಬಂದ್ವಿ. ಮರುದಿನ ಹೇಳದೆ ಕೇಳದೆ ಆರೂವರೆಗೆ ಅಲ್ಲಿದ್ವಿ. ನಾನೇ ಹಿಂದೆ ಒಂದು ಸಲ ಬಿಸಿ ಇಂಜಿನ್ ನೋಡಿ ಹಳೇ ಟ್ರ್ಯಾಕ್ಟರ್ ತಗೊಂಡು, ಉಳುಮೆ ಸೀಸನ್ ಪೂರ್ತಿ ಶೆಡ್ಡಲ್ಲಿ ನಿಲ್ಲಿಸಿಕೊಂಡವನು. ಹಾಗಾಗಿ ಈ ವಿಷಯದಲ್ಲಿ ನಾಚಿಕೆ ಬಿಟ್ಟಿದೀನಿ.

ಡೀಸೆಲ್ ಇಂಜಿನ್ ತಣ್ಣಗಿದ್ದಾಗ ಸುಳ್ಳು ಹೇಳಲ್ಲ. ಬಾನೆಟ್ ಮುಟ್ಟಿ ನೋಡಿ, ರೇಡಿಯೇಟರ್ ಮುಚ್ಚಳ ತೆಗೆಯಿರಿ (ಬಿಸಿ ಇದ್ದಾಗ ತೆಗೆದ್ರೆ ಮುಖ ಸುಟ್ಟುಹೋಗುತ್ತೆ, ನೆನಪಿರಲಿ). ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣದ ಕೂಲಂಟ್ ಇರಬೇಕು. ತುಕ್ಕು ಬಣ್ಣದ ಬೋರ್ ನೀರಿದ್ರೆ ಆ ಓನರ್ ಉಳಿದ ಕೆಲಸಾನೂ ಹಾಗೇ ಮಾಡಿಸಿರ್ತಾನೆ. ನೀರಿನ ಮೇಲೆ ಎಣ್ಣೆ ಪಸೆ ತೇಲ್ತಿದ್ರೆ ಅಲ್ಲಿಂದಲೇ ಹೊರಡಿ.

ಆಮೇಲೆ ಒಬ್ಬ ಸೆಲ್ಫ್ ಹೊಡೀಲಿ, ಇನ್ನೊಬ್ಬ ಸೈಲೆನ್ಸರ್ ಹತ್ರ ನಿಂತು ಫೋನಲ್ಲಿ ವಿಡಿಯೋ ಮಾಡಲಿ. ಒಂದೇ ಸೆಲ್ಫಿಗೆ ಹಿಡೀಬೇಕು. ಮೊದಲ ಒಂದೆರಡು ನಿಮಿಷ "ಟಕ ಟಕ ಟಕ" ಅಂತ ಸುತ್ತಿಗೆ ಹೊಡೆದ ಹಾಗೆ ಸದ್ದು ಬಂದು, ಬಿಸಿ ಆದಮೇಲೆ ಮಾಯ ಆದ್ರೆ ಇಂಜೆಕ್ಟರ್ ಸವೆದಿದೆ. ಬಿಳಿ ಹೊಗೆ ನಿಲ್ಲದೆ ಬಂದು ಕಣ್ಣು ಉರಿದ್ರೆ ಡೀಸೆಲ್ ಪೂರ್ತಿ ಉರೀತಿಲ್ಲ. ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ, ಟರ್ಬೋ ಇರಬಹುದು, ರಿಂಗ್ ಇರಬಹುದು. ಆರ್‌ಪಿಎಂ ಮೇಲೆ ಕೆಳಗೆ ತೂಗಾಡ್ತಿದ್ರೆ ಡೀಸೆಲ್ ಪಂಪಿನ ಮೇಲಿರೋ ಎಸ್‌ಸಿವಿ ಅನ್ನೋ ವಾಲ್ವ್ ಮೇಲೆ ಅನುಮಾನ. ಅದು ಹೋದ್ರೆ ಗಾಡಿ ಸಿಗ್ನಲ್ಲಲ್ಲಿ ತಾನಾಗೇ ಆಫ್ ಆಗುತ್ತೆ. ಬರೀ ವಾಲ್ವ್ ಬದಲಿಸಬಹುದು, ಪಂಪ್ ಪೂರ್ತಿ ಹೋಯ್ತು ಅಂತ ಹೆದರಿಸೋರ ಮಾತು ಕೇಳಬೇಡಿ.

ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಅಲ್ಲೇ ಮೇಲಿಡಿ. ಸ್ವಲ್ಪ ಗಾಳಿ ಬರೋದು ಸಹಜ. ಮುಚ್ಚಳ ಕುಣಿದು ಕೆಳಗೆ ಬೀಳೋ ಹಾಗೆ ಬುಸ್ ಬುಸ್ ಅಂದ್ರೆ ಬ್ಯಾಕ್ ಕಂಪ್ರೆಷನ್ ಜಾಸ್ತಿ. ಟ್ರ್ಯಾಕ್ಟರ್ ಓಡಿಸಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.

ತಾಮ್ರದ ಒಂದು ಸಣ್ಣ ವಾಷರ್

ಇದನ್ನ ನಿಧಾನಕ್ಕೆ ಓದಿ. ಈ ಲೇಖನದಲ್ಲಿ ಬೇರೆಲ್ಲ ಮರೆತ್ರೂ ಇದನ್ನ ಮರೀಬೇಡಿ.

3.0 ಇಂಜಿನ್ನಿಗೆ ನಾಲ್ಕು ಇಂಜೆಕ್ಟರ್. ಪ್ರತಿಯೊಂದರ ಬುಡದಲ್ಲಿ ಒಂದು ಸಣ್ಣ ವಾಷರ್ ಇರುತ್ತೆ. ಸಿಲಿಂಡರ್ ಒಳಗಿನ ಉರಿಯೋ ಗಾಳಿ ಮೇಲೆ ಬರದ ಹಾಗೆ ತಡೆಯೋದು ಅದರ ಕೆಲಸ. ವರ್ಷಾನುಗಟ್ಟಲೆ ಬಿಸಿಗೆ ಅದು ಸವೆದು ಸಂದು ಬಿಡುತ್ತೆ. ಬೇರೆ ಎಷ್ಟೋ ಇಂಜಿನ್‌ಗಳಲ್ಲಿ ಹೀಗಾದ್ರೆ ಹೊರಗೆ ಹೊಗೆ, ಸದ್ದು ಬಂದು ಗೊತ್ತಾಗುತ್ತೆ. ಇದರಲ್ಲಿ ಇಂಜೆಕ್ಟರ್ ಬುಡ ಮೇಲಿನ ಕವರ್ ಒಳಗಡೆ ಇದೆ. ಹಾಗಾಗಿ ಆ ಮಸಿ ಎಲ್ಲ ನೇರ ಇಂಜಿನ್ ಆಯಿಲ್ಲಿಗೆ ಸೇರುತ್ತೆ. ಆಯಿಲ್ ದಪ್ಪ ಆಗಿ, ಮಸಿ ಗಟ್ಟಿಯಾಗಿ, ಕೆಳಗೆ ಆಯಿಲ್ ಚೇಂಬರಿನಲ್ಲಿರೋ ಸ್ಟ್ರೈನರ್ ಜಾಲರಿಗೆ ಅಂಟ್ಕೊಳ್ಳುತ್ತೆ. ಡ್ರಿಪ್ ಫಿಲ್ಟರಿಗೆ ಪಾಚಿ ಕಟ್ಟಿದ ಹಾಗೇ ನೋಡಿ. ಫಿಲ್ಟರ್ ಕಟ್ಟಿದ್ರೆ ಕೊನೇ ಸಾಲಿನ ಗಿಡಕ್ಕೆ ನೀರಿಲ್ಲ, ಸ್ಟ್ರೈನರ್ ಕಟ್ಟಿದ್ರೆ ಬೇರಿಂಗಿಗೆ, ಟರ್ಬೋಗೆ ಆಯಿಲ್ ಇಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಫುಲ್ ಇರುತ್ತೆ, ಮೇಲಕ್ಕೆ ಹೋಗ್ತಿರಲ್ಲ. ಹೈವೇಲಿ ಆಯಿಲ್ ಲೈಟ್ ಕೆಂಪಗೆ ಉರಿಯೋ ಹೊತ್ತಿಗೆ ಇಂಜಿನ್ ಕಥೆ ಮುಗಿದಿರುತ್ತೆ. ಈ ಇಂಜಿನ್ನಿನ ಈ ಕಾಯಿಲೆ ಆಸ್ಟ್ರೇಲಿಯಾದಿಂದ ಆಫ್ರಿಕಾದವರೆಗೂ ಇದನ್ನ ಬಿಚ್ಚೋ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ವಾಷರ್ ಅಗ್ಗ. ಬಿಚ್ಚಿ ಹಾಕೋ ಕೂಲಿ ಸೇರಿದ್ರೂ ಒಂದು ಇಂಜಿನ್ ಮುಂದೆ ಏನೂ ಅಲ್ಲ.

ನೋಡೋದು ಹೇಗೆ? ಡೀಸೆಲ್ ಗಾಡಿ ಆಯಿಲ್ ಯಾವಾಗಲೂ ಕಪ್ಪಗೇ ಇರುತ್ತೆ, ಏಜೆಂಟ್ ಹೇಳೋದು ನಿಜ. ಹಾಗಾಗಿ ಬಣ್ಣ ನೋಡಬೇಡಿ. ಡಿಪ್‌ಸ್ಟಿಕ್ ಆಯಿಲ್ಲನ್ನ ಎರಡು ಬೆರಳ ಮಧ್ಯೆ ಉಜ್ಜಿ ನೋಡಿ. ಜಾರಬೇಕು. ಡಾಂಬರ್ ಥರ ಅಂಟಿದ್ರೆ, ಮರಳು ಮರಳಾಗಿ ಕೈಗೆ ಸಿಕ್ಕಿದ್ರೆ ವಾಷರ್ ಲೀಕ್ ಅಂತಲೇ ತಿಳ್ಕೊಳ್ಳಿ. ಆಯಿಲ್ ಮುಚ್ಚಳದ ಒಳಗಡೆಗೆ, ಕವರ್ ಒಳಗಡೆಗೆ ಫೋನ್ ಟಾರ್ಚ್ ಬಿಟ್ಟು ನೋಡಿ, ಗಟ್ಟಿ ಕರಿ ಚಕ್ಕೆ ಇದೆಯಾ ಅಂತ.

ಅನುಮಾನ ಬಂದ್ರೆ ಇನ್ನೊಂದು ಹೆಜ್ಜೆ ಇದೆ. ಬೋರ್‌ವೆಲ್ ಒಳಗೆ ಕ್ಯಾಮೆರಾ ಬಿಟ್ಟು ನೋಡ್ತಾರಲ್ಲ, ಅದರದ್ದೇ ಪುಟ್ಟ ತಮ್ಮ ಒಂದಿದೆ. ಎಂಡೋಸ್ಕೋಪ್ ಕ್ಯಾಮೆರಾ ಅಂತ ಆನ್‌ಲೈನಲ್ಲಿ ಸಿಗುತ್ತೆ, ತಂತಿ ತುದೀಲಿ ಬಟಾಣಿ ಗಾತ್ರದ ಕ್ಯಾಮೆರಾ, ಫೋನಿಗೆ ಸಿಕ್ಕಿಸಿದ್ರೆ ಆಯ್ತು. ಮೆಕ್ಯಾನಿಕ್ ಆಯಿಲ್ ಡ್ರೈನ್ ಮಾಡಿದ ಮೇಲೆ ಆ ನಟ್ಟಿನ ತೂತಿನಿಂದ ಒಳಗೆ ಬಿಟ್ರೆ ಸ್ಟ್ರೈನರ್ ಜಾಲರಿ ಕಾಣುತ್ತೆ. "ನೋಡೋಕೆ ಬಂದವರು ಆಯಿಲ್ ಯಾಕೆ ಇಳಿಸ್ತೀರಿ" ಅಂತ ಓನರ್ ಕೇಳೇ ಕೇಳ್ತಾರೆ, ಕೇಳೋದು ನ್ಯಾಯ. "ಹೊಸ ಆಯಿಲ್, ಫಿಲ್ಟರ್ ನಮ್ಮ ಖರ್ಚು, ಗಾಡಿ ಬೇಡ ಅಂದ್ರೂ ನಿಮಗೇ ಲಾಭ" ಅನ್ನಿ. ಏಳು ಲೀಟರ್ ಹತ್ರ ಆಯಿಲ್ ಹಿಡಿಯುತ್ತೆ. ಹತ್ತು ಲಕ್ಷದ ವ್ಯಾಪಾರಕ್ಕೆ ಆ ಖರ್ಚು ದೊಡ್ಡದಲ್ಲ.

ಜೊತೆಗೆ ಒಳ್ಳೇ ಸ್ಕ್ಯಾನರ್ ಇರೋ ಮೆಕ್ಯಾನಿಕ್ ಸಿಕ್ಕರೆ ಇಂಜಿನ್ ಬಿಸಿ ಆದಮೇಲೆ, ಐಡಲ್‌ನಲ್ಲಿ ನಾಲ್ಕು ಇಂಜೆಕ್ಟರಿನ ಫೀಡ್‌ಬ್ಯಾಕ್ ಅಂಕಿ ತೋರಿಸೋಕೆ ಹೇಳಿ. ಸೊನ್ನೆ ಹತ್ರ ಇದ್ದಷ್ಟೂ ಒಳ್ಳೇದು. ಪ್ಲಸ್ ಮೂರೋ ಮೈನಸ್ ಮೂರೋ ದಾಟಿದ್ರೆ ಆ ಇಂಜೆಕ್ಟರ್ ಖರ್ಚಿಗೆ ಬಂದಿದೆ. ಇಂಜೆಕ್ಟರ್ ಬದಲಿಸಿದ್ರೆ ವಾಷರನ್ನೂ ಹೊಸದೇ ಹಾಕಿಸಬೇಕು, ಹಳೇದನ್ನೇ ವಾಪಸ್ ಹಾಕೋ ಮೇಸ್ತ್ರಿಗಳಿದ್ದಾರೆ, ಎದುರು ನಿಂತ್ಕೊಂಡು ಮಾಡಿಸಿ.

ಟೈಮಿಂಗ್ ಬೆಲ್ಟ್

ಈ ಇಂಜಿನ್ನಿಗೆ ಚೈನ್ ಅಲ್ಲ, ಬೆಲ್ಟ್. ಒಂದೂವರೆ ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಹೊತ್ತಾದಾಗ ಡ್ಯಾಶ್‌ಬೋರ್ಡಲ್ಲಿ ಟಿ-ಬೆಲ್ಟ್ ಲೈಟ್ ಬರುತ್ತೆ. ಆದರೆ ಬೆಲ್ಟ್ ಹಾಕದೆಯೇ ಆ ಲೈಟನ್ನ ರೀಸೆಟ್ ಮಾಡಬಹುದು, ಹಾಗಾಗಿ ಲೈಟ್ ಇಲ್ಲ ಅಂದ್ರೆ ಬೆಲ್ಟ್ ಹೊಸದು ಅಂತ ಅಲ್ಲ. ಬಿಲ್ ಕೇಳಿ. ಒಳ್ಳೇ ಮೆಕ್ಯಾನಿಕ್ ಬೆಲ್ಟ್ ಕವರ್ ಮೇಲೆ ದಿನಾಂಕ, ಕಿಲೋಮೀಟರ್ ಬರೆದಿರ್ತಾರೆ. ಎರಡೂ ಇಲ್ಲ ಅಂದ್ರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಬೆಲ್ಟ್ ಮತ್ತು ಟೆನ್ಶನರ್ ಖರ್ಚನ್ನ ರೇಟಲ್ಲಿ ಕಳೀರಿ. ಓಡ್ತಿರುವಾಗ ಬೆಲ್ಟ್ ಹರಿದ್ರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಹೆಡ್ ಬಿಚ್ಚೋ ಕೆಲಸ ಆಗುತ್ತೆ.

ಗಾಡಿ ಕೆಳಗೆ ಮಲಗಿ

ಬಿಳಿ ಬಟ್ಟೆ ಹಾಕ್ಕೊಂಡು ಗಾಡಿ ನೋಡೋಕೆ ಹೋಗಬೇಡಿ. ಕೆಳಗೆ ಮಲಗಬೇಕು. ಇದು ಲಾರಿ ಥರ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿ. ಚಾಸಿ ಉದ್ದಕ್ಕೂ ಟಾರ್ಚ್ ಬಿಡಿ. ಕಂಪನಿ ವೆಲ್ಡಿಂಗ್ ಎರಡೂ ಕಡೆ ಒಂದೇ ಥರ ಇರುತ್ತೆ. ಒಂದು ಕಡೆ ಮಾತ್ರ ಹೊಸ ಕಪ್ಪು ಪೇಂಟು, ಉಬ್ಬಿದ ವೆಲ್ಡಿಂಗ್ ಕಂಡ್ರೆ ಗಾಡಿ ಬಿದ್ದಿದೆ. ಚಾಸಿ ಮೇಲೆ ಕೊರೆದ ನಂಬರನ್ನ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸುತ್ತ ಉಜ್ಜಿದ ಗುರುತಿದ್ರೆ ಮಾತೇ ಬೇಡ.

ಮುಂದಿನ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟೀರಿಂಗ್ ರ್‍ಯಾಕಿನ ಬುಷ್, ಇವು ನಮ್ಮ ರೋಡಿಗೆ ಸವೆದೇ ಸವೆಯುತ್ತವೆ. ಅದಕ್ಕೆ ಗಾಡಿ ಬಿಡಬೇಕಾಗಿಲ್ಲ, ರೇಟು ಇಳಿಸಿದ್ರೆ ಸಾಕು. ಪ್ರೊಪೆಲ್ಲರ್ ಶಾಫ್ಟ್ ಕೈಲಿ ಹಿಡಿದು ತಿರುಗಿಸಿ, ಕ್ರಾಸಲ್ಲಿ ಆಟ ಇದೆಯಾ ನೋಡಿ. ಮುಂದೆ ಹಿಂದೆ ಹೌಸಿಂಗ್ ಹತ್ರ ಆಯಿಲ್ ಒಸರಿ ಧೂಳು ಗಟ್ಟಿಯಾಗಿದ್ರೆ ಸೀಲ್ ಹೋಗಿದೆ. ಮುಂದಿನ ಆಕ್ಸಲ್ಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದ್ರೆ ಆ ಜಾಯಿಂಟಿಗೆ ಮಣ್ಣು ಸೇರಿದೆ.

ನೀರಲ್ಲಿ ಮುಳುಗಿದ ಗಾಡಿ ಬೇರೆಯದೇ ವಿಷಯ. 2018ರ ಕೊಡಗು, 2019ರ ಬೆಳಗಾವಿ ಬಾಗಲಕೋಟೆ ಕಡೆ, 2022ರ ಬೆಂಗಳೂರು ಮಳೆ, ಪ್ರತಿ ಸಲವೂ ಮುಳುಗಿದ ಗಾಡಿಗಳು ತೊಳೆದು ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನ ಪೂರ್ತಿ ಹೊರಗೆ ಎಳೀರಿ. ಕೊನೇ ಅಡಿಯಲ್ಲಿ ಕೆಸರಿನ ಗೆರೆ ಇದ್ರೆ ಕಂಬಳಿ ಹೊಸದಾಗಿದ್ರೂ ಪ್ರಯೋಜನ ಇಲ್ಲ. ಸೀಟಿನ ಕೆಳಗಿನ ಕಬ್ಬಿಣದ ರೈಲು, ಫ್ಯೂಸ್ ಡಬ್ಬದ ಒಳಗಿನ ಹಸಿರು ತುಕ್ಕು ಕೂಡ ನೋಡಿ.

ಓಡಿಸಿ ನೋಡೋದು

ಹೈವೇ ಒಂದೇ ಸಾಲದು. ಸ್ವಲ್ಪ ಮಣ್ಣು ರೋಡು, ಒಂದು ಏರು, ಒಂದು ಖಾಲಿ ಜಾಗ ಬೇಕು. ಮ್ಯೂಸಿಕ್ ಆಫ್, ಎಸಿ ಆಫ್, ಏಜೆಂಟಿಗೆ ಹಿಂದಿನ ಸೀಟು.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ಲೈಟ್ ಒಮ್ಮೆ ಬಂದು ಆರಬೇಕು. ಬರಲೇ ಇಲ್ಲ ಅಂದ್ರೆ ಯಾರೋ ಬಲ್ಬ್ ಕಿತ್ತಿದ್ದಾರೆ, ಏರ್‌ಬ್ಯಾಗ್ ಒಡೆದ ಮೇಲೆ ಹೊಸದು ಹಾಕಿಲ್ಲ ಅನ್ನೋ ಸಾಧ್ಯತೆ ಇದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೀರಿ, ಕಟಕಟ ಅಂದ್ರೆ ಆಕ್ಸಲ್ ಜಾಯಿಂಟ್. ಏರಿನಲ್ಲಿ ಮೂರನೇ ಗೇರಲ್ಲಿ ಜೋರಾಗಿ ಒತ್ತಿದಾಗ ಸದ್ದು ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ. ಹೈವೇಲಿ 80ರಿಂದ ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದ್ರೆ ಡಿಸ್ಕ್ ಬಾಗಿದೆ. ಗುಂಡಿ ದಾಟಿದ ಮೇಲೂ ಹಿಂಭಾಗ ಎರಡು ಮೂರು ಸಲ ಕುಪ್ಪಳಿಸಿದ್ರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಫೋರ್ ಬೈ ಫೋರ್ ಆದ್ರೆ ಮಣ್ಣಿನ ಮೇಲೆ ನಿಂತು ಲೋ ಗೇರು, ಡಿಫರೆನ್ಷಿಯಲ್ ಲಾಕ್ ಎರಡನ್ನೂ ಹಾಕಿ ತೆಗೀರಿ. ವರ್ಷಾನುಗಟ್ಟಲೆ ಮುಟ್ಟದೆ ಅವು ಹಿಡ್ಕೊಂಡಿರ್ತವೆ. ತೋಟಕ್ಕೆ ಬೇಕು ಅಂತ ಫೋರ್ ಬೈ ಫೋರಿಗೆ ದುಡ್ಡು ಜಾಸ್ತಿ ಕೊಡ್ತಿದ್ದು, ಅದೇ ಕೆಲಸ ಮಾಡದಿದ್ರೆ ಏನು ಬಂತು?

ಟೈರ್ ಮೇಲಿನ ನಾಲ್ಕು ಅಂಕಿ ನೋಡಿ. 2319 ಅಂದ್ರೆ 2019ರ 23ನೇ ವಾರ. ಗುಂಡಿ ಚೆನ್ನಾಗಿ ಕಂಡ್ರೂ ಆರು ವರ್ಷ ದಾಟಿದ ಟೈರ್ ಈ ತೂಕಕ್ಕೆ ನಂಬೋದು ಬೇಡ. 265/65 ಆರ್17, ನಾಲ್ಕು ಟೈರಿನ ರೇಟು ಅಂಗಡೀಲಿ ಕೇಳಿ ಬಂದು ಆಮೇಲೆ ಚೌಕಾಸಿಗೆ ಕೂರಿ.

ಜರ್ಮನ್ ಗಾಡಿ ಇನ್ನೂ ಅಗ್ಗ ಸಿಗುತ್ತಲ್ಲ?

ಈ ಪ್ರಶ್ನೆ ಕೇಳೋರಿದ್ದಾರೆ. ಅದೇ ಹತ್ತು ಲಕ್ಷಕ್ಕೆ ಹಳೇ ಆಡಿ ಕ್ಯೂ7 ಬರುತ್ತೆ, ಇನ್ನೂ ದೊಡ್ಡದು, ಇನ್ನೂ ನೆಮ್ಮದಿ. ಅದರ ಮೊದಲ ತಲೆಮಾರಿನ 3.0 ಡೀಸೆಲ್ಲಿನಲ್ಲಿ ಟೈಮಿಂಗ್ ಚೈನ್ ಇರೋದು ಇಂಜಿನ್ ಹಿಂಭಾಗಕ್ಕೆ, ಗೇರ್‌ಬಾಕ್ಸ್ ಕಡೆ. ಚೈನ್ ಸಡಿಲ ಆಯ್ತು ಅಂದ್ರೆ ಇಂಜಿನ್ನೋ ಗೇರ್‌ಬಾಕ್ಸೋ ಕೆಳಗೆ ಇಳೀಬೇಕು. ಏರ್ ಸಸ್ಪೆನ್ಷನ್ ಇದ್ರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ, ಒಂದು ಮೂಲೆ ಕುಸಿದಿದ್ರೆ ಗಾಳಿ ಚೀಲ ಸೋರ್ತಿದೆ. ಸನ್‌ರೂಫಿನ ನೀರು ಹೋಗೋ ಪೈಪ್ ಕಟ್ಟಿ, ನೀರು ಒಳಗಿನ ಎಲೆಕ್ಟ್ರಾನಿಕ್ ಡಬ್ಬಗಳ ಮೇಲೆ ಇಳಿಯೋದೂ ಉಂಟು. ಇವೆಲ್ಲ ರಿಪೇರಿ ಆಗದ ಕಾಯಿಲೆ ಅಲ್ಲ. ಆದರೆ ಮಾಡೋ ಮೇಸ್ತ್ರಿ ಬೆಂಗಳೂರಲ್ಲಿ, ಗಾಡಿ ನಿಮ್ಮ ತೋಟದಲ್ಲಿ. ನನ್ನ ಮಾತು ಕೇಳೋದಾದ್ರೆ ಬೇಡ.

ಆ ಗಾಡಿ ಏನಾಯ್ತು

ಆರೂವರೆಗೆ ಹೋದ ದಿನ ಸೆಲ್ಫ್ ಹೊಡೆದಾಗ ಸುತ್ತಿಗೆ ಸದ್ದು ಸ್ಪಷ್ಟ ಕೇಳಿಸ್ತು. ಬೆರಳಿಗೆ ಆಯಿಲ್ ಅಂಟ್ತು. ಏಜೆಂಟ್ "ಬೇರೆ ಪಾರ್ಟಿ ಕಾಯ್ತಿದೆ" ಅಂದ. ಓನರ್ ಮಾತ್ರ ವಯಸ್ಸಾದವರು, ಮರ್ಯಾದಸ್ಥರು, "ನೋಡ್ಕೊಳ್ಳಲಿ ಬಿಡಪ್ಪ, ಆಯಿಲ್ ಅವರೇ ಹಾಕಿಸ್ತಾರಲ್ಲ" ಅಂದ್ರು. ನಮ್ಮ ಮೆಕ್ಯಾನಿಕ್ ನಟ್ ಬಿಚ್ಚಿದ, ಆಯಿಲ್ ಹರಿಯೋ ಬದಲು ಜೋನಿಬೆಲ್ಲದ ಥರ ಇಳೀತು. ಹುಡುಗ ಕ್ಯಾಮೆರಾ ಬಿಟ್ಟ. ಜಾಲರಿ ಅರ್ಧಕ್ಕಿಂತ ಜಾಸ್ತಿ ಕರೀ ಅಂಟು ಮುಚ್ಚಿತ್ತು. ಕಂಪನಿ ಮಾಡಿದ ತಪ್ಪಲ್ಲ ಅದು, ವಾಷರ್ ಬದಲಿಸದೆ, ಒಂದೇ ಆಯಿಲ್ಲನ್ನ ಎಳೆದೂ ಎಳೆದೂ ಓಡಿಸಿದ್ದು.

ಓನರ್ ಒಂದೂವರೆ ಲಕ್ಷ ಇಳಿಸ್ತೀನಿ ಅಂದ್ರು. ಹುಡುಗ ನನ್ನ ಮುಖ ನೋಡಿದ. ಸ್ಟ್ರೈನರ್ ತೊಳೀಬಹುದು, ಇಂಜೆಕ್ಟರ್ ಬದಲಿಸಬಹುದು, ಆದರೆ ಆಯಿಲ್ ಇಲ್ಲದೆ ಎಷ್ಟು ದಿನ ಓಡಿದೆ, ಒಳಗೆ ಬೇರಿಂಗ್ ಏನಾಗಿದೆ ಅನ್ನೋದನ್ನ ಯಾವ ಕ್ಯಾಮೆರಾನೂ ತೋರಿಸಲ್ಲ. ಬೇಡ ಅಂದೆ. ಹೊಸ ಆಯಿಲ್ ಹಾಕಿಸಿ, ಜಾಲರಿಯ ವಿಡಿಯೋನ ಓನರಿಗೂ ಕಳಿಸಿ ಬಂದ್ವಿ. ಹತ್ತು ದಿನಕ್ಕೆ ಅದೇ ಗಾಡಿ ಮಾರಾಟ ಆಯ್ತು ಅಂತ ಗೊತ್ತಾಯ್ತು. ಯಾವ ಊರಿನ ಹುಡುಗ ತಗೊಂಡ್ನೋ, ಜಾಲರಿ ವಿಡಿಯೋ ಅವನಿಗೆ ತೋರಿಸಿದ್ರೋ ಇಲ್ವೋ.

ನಮ್ಮವನು ಎರಡು ತಿಂಗಳು ಮುಖ ಊದಿಸ್ಕೊಂಡಿದ್ದ. ಆ ಮಧ್ಯೆ ಡ್ರಿಪ್ ಹಾಕಿಸಿದ. ಉಳಿದ ದುಡ್ಡಿಗೆ, ಹೋದ ತಿಂಗಳು, 2014ರ ಟೂ ಬೈ ಫೋರ್ ಸಿಕ್ತು. ಮೀಟರ್ 2,14,000 ತೋರಿಸುತ್ತೆ, ಸರ್ವೀಸ್ ದಾಖಲೆಯೂ ಅಷ್ಟೇ ಹೇಳುತ್ತೆ, ಬೆಲ್ಟ್ 1,52,000ಕ್ಕೆ ಬದಲಿಸಿದ ಬಿಲ್ಲಿದೆ. ಶಾಕ್ ಅಬ್ಸಾರ್ಬರ್ ಹೋಗಿದೆ, ಎಡಗಡೆ ಬಾಗಿಲಿಗೆ ಟಿಂಕರಿಂಗ್ ಆಗಿದೆ, ಅದಕ್ಕೆ ರೇಟು ಇಳಿಸಿದ್ವಿ. ಫಾರಂ 29, 30 ಸಹಿ ಹಾಕಿಸಿ, ಓನರ್ ಜೊತೇಲೇ ಆರ್‌ಟಿಓಗೆ ಹೋಗಿ ಅರ್ಜಿ ಕೊಟ್ಟು ಆಮೇಲೆ ಕೊನೇ ಕಂತು ಕೊಟ್ಟ. ಗಾಡಿ ಮನೆಗೆ ಬರೋ ಮುಂಚೆ ಗ್ಯಾರೇಜಿಗೆ ಹೋಯ್ತು. ನಾಲ್ಕೂ ಇಂಜೆಕ್ಟರ್ ವಾಷರ್ ಹೊಸದು, ಚೇಂಬರ್ ಇಳಿಸಿ ಸ್ಟ್ರೈನರ್ ತೊಳೆದಿದ್ದು, ಆಯಿಲ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲ ಹೊಸದು. ಆಯಿಲ್ ಚೇಂಜ್ ಇನ್ನು ಮುಂದೆ ಐದು ಸಾವಿರಕ್ಕೊಂದು ಸಲ ಅಂತ ಅವನೇ ಬಾನೆಟ್ ಒಳಗೆ ಚೀಟಿ ಅಂಟಿಸಿದಾನೆ, ಮೀಟರ್ ಸಮೇತ ಬರೆದು.